ಒಂದು ಮೊಳ ಸರಿದ ಬೇಲಿ

ಪೈನ್ ಮರಗಳ ಸಂದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಸ್ಫಿಯಾ ಪಾಪಾಸುಕಳ್ಳಿಯ ಬೇಲಿಯ ಬುಡದಲ್ಲಿ ಮಂಡಿಯೂರಿ ಕೂತು, ನೆಲ ಉಜ್ಜುವ ಬ್ರಷ್ಷಿನಿಂದ ಅದರ ಎಲೆಗಳನ್ನು ಒಂದೊಂದಾಗಿ ತೊಳೆಯುತ್ತಿದ್ದಾರೆ. ಪಕ್ಕದಲ್ಲಿ ಸಾಬೂನು ನೀರಿನ ಬಕೆಟ್ಟು. ಎಲೆಗೆ ಹತ್ತಿ ಮೆತ್ತಿಕೊಂಡಂತೆ ಕಾಣುವ ಬಿಳಿ ಹುಳವನ್ನು ಉಜ್ಜಿದರೆ ಕೈಗವಸು ನೆತ್ತರಿನ ಹಾಗೆ ಕೆಂಪಾಗುತ್ತದೆ. ಇಬ್ಬನಿ ಆರುವ ಮೊದಲೇ ಮುಗಿಸಬೇಕು. ಬಿಸಿಲೇರಿದರೆ ಸಣ್ಣ ಮುಳ್ಳುಗಳು ಗಾಳಿಗೆ ಹಾರಿ ಕಣ್ಣಿಗೇ ಬರುತ್ತವೆ.

"ಅಜ್ಜೀ, ಕಳ್ಳಿಗೂ ಸ್ನಾನ ಮಾಡಿಸ್ತಾರಾ?" ಕಾಡಿನ ಕಾವಲುಗಾರ ಜೀಪಿನಿಂದಲೇ ಕೂಗುತ್ತಾನೆ.

"ನಿಮ್ಮಮ್ಮ ನಿನಗೆ ಮಾಡಿಸ್ಲಿಲ್ವಾ? ಹೋಗಪ್ಪಾ, ನನ್ನ ಕೆಲ್ಸ ಕೆಡಿಸ್ಬೇಡ."

ಈ ಕಾಡೇ ನಮ್ಮ ಹಳ್ಳಿ, ಗಲಿಲೀ ಸೀಮೆಯ ಐನ್ ಸುಮ್ಮಾಕ್. ಸಾವಿರದ ಒಂಬೈನೂರ ನಲವತ್ತೆಂಟರ ಗೋಧಿ ಕೊಯ್ಲಿನ ಹೊತ್ತಿಗೆ, ಆಗತಾನೇ ಹುಟ್ಟಿದ ಹೊಸ ದೇಶದ ಸೈನ್ಯ ಬಂತು, ಊರು ಖಾಲಿಯಾಯಿತು. ಕೆಲವರು ಹಾಸಿಗೆ ಹೊತ್ತು ಗುಡ್ಡದಾಚೆಯ ನಮ್ಮ ಪಟ್ಟಣಕ್ಕೆ ಬಂದರು, ಉಳಿದವರು ನದಿ ದಾಟಿ ಜೋರ್ಡಾನಿಗೆ ಹೋದರು. ಆಮೇಲೆ ಮನೆಗಳನ್ನು ಕೆಡವಿ ಪೈನ್ ನೆಟ್ಟರು. ಆದರೆ ಕಳ್ಳಿ ಹೋಗಲಿಲ್ಲ. ಕಡಿದಷ್ಟೂ ಚಿಗುರಿತು, ಅಜ್ಜಂದಿರು ನೆಟ್ಟ ಗೆರೆಯಲ್ಲೇ ಎದ್ದು ನಿಂತಿತು. ಯಾರ ಹೊಲ ಎಲ್ಲಿ ಮುಗಿಯಿತು ಎಂದು ಹೇಳಲು ನಮಗೆ ಉಳಿದದ್ದು ಈ ಬೇಲಿಗಳು ಮಾತ್ರ. ನನ್ನ ಅಜ್ಜನೂ ಇದೇ ಊರಿನವನು. ವಸ್ಫಿಯಾ ಅತ್ತೆ ಮಾರುವ ಕಳ್ಳಿಹಣ್ಣು ತಿಂದೇ ನಾನು ದೊಡ್ಡವನಾದೆ. ಹಿತ್ತಲ ಗಿಡ ಮದ್ದಲ್ಲ ನೋಡಿ, ಇವರ ಬಗ್ಗೆ ಬರೆಯಬೇಕೆಂದು ಈವರೆಗೆ ಹೊಳೆದೇ ಇರಲಿಲ್ಲ.

ವಿಚಿತ್ರವೆಂದರೆ ಅವರು ಈ ಊರಲ್ಲಿ ಒಂದು ದಿನವೂ ಬಾಳಿದವರಲ್ಲ. ಹುಟ್ಟಿದ್ದೇ ಊರು ಹೋದ ಮುಂದಿನ ಚಳಿಗಾಲದಲ್ಲಿ. ಹಣ್ಣು ಕೀಳಲು ಬರುತ್ತಿದ್ದ ತಾಯಿಯ ಹಿಂದೆ ನಡೆದು ನಡೆದು ಎಲ್ಲ ಕಲಿತರು: ಇಲ್ಲಿ ಅವರ ಚೆನ್ನಂಗಿ ಹೊಲ, ಅಲ್ಲಿ ಇವರ ಅಂಜೂರದ ತೋಟ. ಗಾರೆ ಕೆಲಸದ ಗಂಡ ಸಾರುವೆಯಿಂದ ಬಿದ್ದು ತೀರಿಕೊಂಡ ಮೇಲೆ, ಕೋಲಿನ ತುದಿಗೆ ತಗಡಿನ ಡಬ್ಬಿ ಕಟ್ಟಿ ತಾವೇ ಹಣ್ಣು ಕಿತ್ತು, ಮಾರುಕಟ್ಟೆಯ ಬಾಗಿಲಲ್ಲಿ ಕೂತು ಮಾರಿ ನಾಲ್ಕು ಮಕ್ಕಳನ್ನು ಸಾಕಿದರು.

ಅವರದೊಂದು ಕಟ್ಟುನಿಟ್ಟು. ಬೇಲಿ ಯಾರದೋ ಆ ಮನೆಯವರನ್ನು ಕೇಳದೆ ಹಣ್ಣು ಮುಟ್ಟುವುದಿಲ್ಲ. ಬೇಸಿಗೆ ಬಂತೆಂದರೆ ಜೋರ್ಡಾನಿನ ಅಮ್ಮಾನಿಗೆ, ಇರ್ಬಿದ್ ನಿರಾಶ್ರಿತರ ಶಿಬಿರಕ್ಕೆ ಫೋನಿನ ಮೇಲೆ ಫೋನು.

"ಕಾನೂನಿನ ಪ್ರಕಾರ ಈಗ ಅದು ಅವರದಲ್ಲವಲ್ಲ ಅತ್ತೆ?" ಎಂದು ಕೆಣಕುತ್ತೇನೆ.

"ಈ ಗಿಡ ನೆಟ್ಟಿದ್ದು ಕಾನೂನಾ?"

ಕೆಲವು ವರ್ಷಗಳ ಹಿಂದೆ ಈ ಬಿಳಿ ಹುಳ ಬಂತು. ಗಲಿಲೀ ಸೀಮೆಯ ಬೇಲಿಗಳೆಲ್ಲ ಒಂದೊಂದಾಗಿ ಸೊರಗಿ ನೆಲಕ್ಕೆ ಕುಸಿದವು. ನಮ್ಮೂರಲ್ಲಿ ಈಗ ಜೀವಂತವಾಗಿರುವುದು ಇವರು ತೊಳೆಯುತ್ತಿರುವ ಇದೊಂದೇ. ಇದರ ಎಲೆ ಕತ್ತರಿಸಿ ನೆಟ್ಟರೆ ಊರಿನ ಗೆರೆಗಳು ಮತ್ತೆ ಏಳಬಹುದು, ಇಲ್ಲದಿದ್ದರೆ ಬರಿಯ ಪೈನ್ ಕಾಡು. ಆದರೆ ಇದು ಜಗಳದ ಬೇಲಿ. ಇವರ ತಂದೆ ಪಕ್ಕದ ಶಹ್ವಾನನ ಹೊಲದೊಳಕ್ಕೆ ಒಂದು ಮೊಳ ನುಗ್ಗಿಸಿ ನೆಟ್ಟದ್ದೆಂದು ಆ ಮನೆಯವರ ದೂರು, ಇಲ್ಲವೆಂದು ಇವರ ಮನೆಯವರ ವಾದ. ಊರೇ ಹೋದರೂ ಜಗಳ ಹೋಗಲಿಲ್ಲ. ಮದುವೆಗೆ ಕರೆಯುವುದಿಲ್ಲ, ಸಾವಿಗೆ ಹೋಗುವುದಿಲ್ಲ. ಹಾಗಾಗಿ ವಸ್ಫಿಯಾ ಈ ಬೇಲಿಯ ಒಂದು ಹಣ್ಣನ್ನೂ ಜನ್ಮದಲ್ಲಿ ತಿಂದಿಲ್ಲ.

ಕಳೆದ ವಾರ ನನ್ನೆದುರೇ ಇರ್ಬಿದ್ ಶಿಬಿರಕ್ಕೆ ಫೋನು ಮಾಡುತ್ತಾರೆ. ಎತ್ತುವುದು ಶಹ್ವಾನನ ಮಗ ಫಯ್ಯಾದ್, ಎಂಬತ್ತು ದಾಟಿದ ಮುದುಕ.

"ಫಯ್ಯಾದಣ್ಣಾ, ನಾನು ವಸ್ಫಿಯಾ. ಬೇಲಿ ವಿಷ್ಯ."

"ಬೇಲೀನೇ ಎದ್ದು ಹೊಲ ಮೇಯ್ದ ಮನೆಯೋಳಾ? ಏನು, ಇನ್ನೊಂದು ಮೊಳ ಬೇಕಾಯ್ತಾ?"

"ಬೇಡಣ್ಣಾ. ನಮ್ಮಪ್ಪ ನಿಮ್ಮ ನೆಲದಲ್ಲೇ ನೆಟ್ಟಿದ್ದು. ಅಮ್ಮ ಸಾಯೋ ಮುಂಚೆ ಹೇಳಿದ್ಲು."

ಆ ಕಡೆ ಟಿ.ವಿ. ಆರಿಸಿದ್ದು ಕೇಳಿಸುತ್ತದೆ.

"ಈ ಒಂದು ಮಾತಿಗೆ ನಮ್ಮಪ್ಪ ಕಾದು ಕಾದು ಸತ್ತ," ಎನ್ನುತ್ತಾನೆ. "ಎಲೆ ತಗೋ ತಂಗೀ, ಬೇಕಾದಷ್ಟು ತಗೋ. ಊರಿಗೆಲ್ಲ ನೆಡು. ನಮ್ಮ ಗಡೀಲಿ ಮಾತ್ರ ಒಂದು ಮೊಳ ನಿಮ್ಮ ಕಡೆಗೆ ಸರಿಸಿ ನೆಡು."

ಅಂದು ಕತ್ತರಿಸಿದ ಎಲೆಗಳು ನೆರಳಲ್ಲಿ ಬಾಡಿ, ಗಾಯ ಒಣಗಿ ಇಂದು ನೆಡಲು ಸಿದ್ಧವಾಗಿವೆ. ಸ್ನಾನದ ಕೆಲಸ ಮುಗಿಸಿದ ವಸ್ಫಿಯಾ ಹಳೆಯ ಬೇಲಿಯ ಬುಡಕ್ಕೆ ಮೊಣಕೈ ಊರಿ, ಬೆರಳ ತುದಿಯ ತನಕ ಅಳೆಯುತ್ತಾರೆ. ಆಮೇಲೆ ನಾಲ್ಕು ಬೆರಳು ಹೆಚ್ಚಿಗೆ ಸೇರಿಸಿ ಗುಳಿ ತೋಡುತ್ತಾರೆ.

"ಅದ್ಯಾಕೆ ಅತ್ತೆ?"

"ನಮ್ಮಪ್ಪನ ಕೈ ನನ್ನದಕ್ಕಿಂತ ಉದ್ದ ಇತ್ತಂತೆ."

ಈ ನೆಲ ಅವರ ಕೈಯಲ್ಲಿಲ್ಲ, ಇವರ ಕೈಯಲ್ಲೂ ಇಲ್ಲ. ನಾಳೆ ಕಾವಲುಗಾರ ಕಿತ್ತೆಸೆಯಬಹುದು, ಹುಳವೇ ಮತ್ತೆ ತಿನ್ನಬಹುದು. ಒಂದು ಮೊಳ ಅತ್ತಲಾದರೇನು ಇತ್ತಲಾದರೇನು ಎಂದು ಕೇಳಿಯೇ ಬಿಡುತ್ತೇನೆ.

"ಎಲ್ರೂ ವಾಪಸ್ ಬರೋ ದಿನ ಬರುತ್ತಲ್ಲಪ್ಪಾ," ಎನ್ನುತ್ತಾರೆ, ಮಣ್ಣು ಅದುಮುತ್ತ. "ಬಂದ ದಿನಾನೇ ಜಗಳ ಶುರುವಾಗ್ಬೇಕಾ?"

ಕೊನೆಯ ಎಲೆಯನ್ನೂ ನೆಟ್ಟು, ಬಕೆಟ್ಟಿನಲ್ಲಿ ಕೈ ತೊಳೆದು ಏಳುತ್ತಾರೆ. "ಹಣ್ಣು ಬಿಡೋಕೆ ಮೂರು ವರ್ಷನಾದ್ರೂ ಬೇಕು. ಮೊದಲನೇದು ಫಯ್ಯಾದಣ್ಣಂಗೆ ಕಳಿಸ್ತೀನಿ. ಅಲ್ಲೀತನಕ ಸಾಯ್ಬೇಡ ಅಂತ ಹೇಳಿದೀನಿ."

"ಅದಕ್ಕೇನಂದ?"

"'ನೀನು ನೀರು ಹಾಕ್ತಿರು, ನಾನು ಉಸಿರಾಡ್ತಿರ್ತೀನಿ' ಅಂದ."