ಹನ್ನೆರಡು ಅಂಕ ಎಲ್ಲಿ ಹೋದವು?

ಇಪ್ಪತ್ತಾರು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿದ್ದೇನೆ. ಪಾಠ ಹೇಳುವಾಗ ಆಗಾಗ ಅನುಮಾನ ಬರುವುದುಂಟು, ಈ ಪದದ ಅರ್ಥ ಇದೇನಾ ಎಂದು. ಅಂಕ ಹಾಕುವಾಗ ಮಾತ್ರ ಒಂದು ದಿನವೂ ಅನುಮಾನ ಬಂದದ್ದಿಲ್ಲ. ಅದನ್ನು ನನ್ನ ಗುಣವೆಂದೇ ತಿಳಿದಿದ್ದೆ, ಹೋದ ವರ್ಷದವರೆಗೆ.

ಬೆನ್ಸನ್ ಟೌನ್ ಹತ್ತಿರದ ನಮ್ಮ ಕಾಲೇಜಿನಲ್ಲಿ ಮನೆಯಲ್ಲಿ ತಮಿಳು, ದಖನಿ ಉರ್ದು ಮಾತಾಡುವ ಮಕ್ಕಳೇ ಹೆಚ್ಚು. ಅವರಿಗೆ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ: ವಾರ್ಡ್ ಕಚೇರಿಗೆ ದೂರು ಪತ್ರ ಬರೆಯಿರಿ, ಇಪ್ಪತ್ತು ಅಂಕ. ಶಿವಾಜಿನಗರದ ನಾಜಿಯಾಗೆ ಎಂಟು ಬಂದಿತ್ತು. ಉತ್ತರಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ಬಂದಳು.

"ಮೇಡಂ, ಮಾರ್ಕ್ಸ್ ಜಾಸ್ತಿ ಮಾಡಿ ಅಂತ ಕೇಳ್ತಿಲ್ಲ. ಹನ್ನೆರಡು ಎಲ್ಲಿ ಹೋಯ್ತು ಅಂತ ಹೇಳಿದ್ರೆ, ಮುಂದಿನ ಸಲ ನೋಡ್ಕೊಂಡು ಬರೀತೀನಿ."

"ಭಾಷೆ ಶುದ್ಧವಾಗಿಲ್ಲಮ್ಮ."

"ಅದು ಗೊತ್ತು ಮೇಡಂ. ಎಲ್ಲಿ?"

ಅವಳ ಉತ್ತರಪತ್ರಿಕೆಯನ್ನು ತೆಗೆದಿಟ್ಟುಕೊಂಡೆ. "ನಾಳೆ ಬಾ" ಎಂದೆ. ದೂರು ತಂದವರನ್ನು ಸಾಗಹಾಕಲು ಕಚೇರಿಗಳಲ್ಲಿ ಹೇಳುವ ಮಾತೇ ನನ್ನ ಬಾಯಿಗೂ ಬಂದಿತ್ತು.

ಪಕ್ಕದ ಮೇಜಿನ ಶಾಂತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹಲಸೂರಿನವಳು, ಇಂಗ್ಲಿಷ್ ಪಾಠ ಮಾಡುತ್ತಾಳೆ, ಮನೆಮಾತು ತಮಿಳು. ಪತ್ರ ಇಸಿದುಕೊಂಡು ಓದಿದಳು.

"ಮಸೀದಿ ಹಿಂದಿನ ಮೂರನೇ ಅಡ್ಡರಸ್ತೆ, ಎರಡು ವಾರದಿಂದ ಬೀದಿ ದೀಪ ಇಲ್ಲ, ಮೋರಿ ಕಲ್ಲು ಕಿತ್ತುಹೋಗಿದೆ, ಅಜ್ಜಿ ಬಿದ್ದು ಕೈ ಮುರ್ಕೊಂಡ್ರು. ಎಲ್ಲಾ ಇದೆಯಲ್ಲೇ! ಓದಿದವನು ಏಣಿ ತಗೊಂಡು ಓಡ್ಬೇಕು. ಎಂಟು ಯಾಕೆ ಕೊಟ್ಟೆ?"

ಇಬ್ಬರೂ ಕೂತು ಕೆಂಪು ಗುರುತುಗಳನ್ನು ಎಣಿಸಿದೆವು. ಹುಡುಗಿ 'ಬೆಳಕು' ಎನ್ನುವುದನ್ನು ಉದ್ದಕ್ಕೂ 'ಬೆಲಕು' ಎಂದು ಬರೆದಿದ್ದಳು. ಮಕ್ಕಳು 'ಮಕ್ಕಲು' ಆಗಿದ್ದರು, ಹಳೆಯದು 'ಹಲೆಯದು'. ಹತ್ತು ಕಡೆ ಅದೇ ತಪ್ಪು, ಹತ್ತು ಕಡೆಯೂ ಒಂದೊಂದು ಅಂಕ ಕಡಿದಿದ್ದೆ. ಉಳಿದೆರಡು ಪತ್ರದ ಒಕ್ಕಣೆಗೆ ಹೋಗಿದ್ದವು. ಅವಳಿಗೆ ಗೊತ್ತಿಲ್ಲದಿದ್ದುದು ಒಂದೇ ಅಕ್ಷರ. ಅದೂ ಅವಳ ಮನೆಮಾತು ದಖನಿಯಲ್ಲಿ ಇಲ್ಲದ ಅಕ್ಷರ. ಹಳಗನ್ನಡದಲ್ಲಿ 'ೞ' ಎಂಬ ಇನ್ನೊಂದು ಅಕ್ಷರವಿತ್ತು. ನಮ್ಮ ಹಿರಿಯರ ನಾಲಿಗೆ ಅದನ್ನು ಸವೆಸಿ ಸವೆಸಿ 'ಳ' ಮಾಡಿಕೊಂಡಿತು. ಇದನ್ನು ಪ್ರತಿವರ್ಷ ತರಗತಿಯಲ್ಲಿ ರಸವತ್ತಾಗಿ ಹೇಳುತ್ತೇನೆ. ಆ ಹಿರಿಯರ ಅಂಕ ಕಡಿಯಬೇಕೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

"ಅವಳೊಬ್ಬಳದ್ದು ತಿದ್ದಿದ್ರೆ ಸಾಲದು," ಎಂದಳು ಶಾಂತಾ. "ಇಡೀ ಕಟ್ಟು ತೆಗಿ."

ತೆಗೆದೆ. ಪತ್ರದಲ್ಲಿ ಏನೇನಿರಬೇಕು, ಯಾವುದಕ್ಕೆ ಎಷ್ಟು ಅಂಕ ಎಂದು ಮೊದಲು ಒಂದು ಹಾಳೆಯಲ್ಲಿ ಬರೆದುಕೊಂಡೆವು. ಒಂದೇ ತಪ್ಪಿಗೆ ಒಂದೇ ಸಲ ಕಡಿಯುವುದು ಎಂದೂ ಸೇರಿಸಿದೆವು. ಅರ್ಧ ಪುಟದ ಆ ಹಾಳೆಗೆ ಎರಡು ದಿನ ಜಗಳವಾಡಿದೆವು. ಇಷ್ಟು ವರ್ಷ ಮನಸ್ಸಿನಲ್ಲೇ ಇದೆ ಎಂದುಕೊಂಡಿದ್ದನ್ನು ಬರೆಯಹೋದರೆ ಅಲ್ಲಿ ಹೆಚ್ಚೇನೂ ಇರಲಿಲ್ಲ. ಅದರಂತೆ ಎಲ್ಲರ ಪತ್ರಕ್ಕೂ ಹೊಸದಾಗಿ ಅಂಕ ಹಾಕಿದೆ. ಆಮೇಲೆ ಆ ಹಾಳೆಯನ್ನು ತರಗತಿಯಲ್ಲಿ ಓದಿ, "ಮೊದಲು ಅಂಕ ಹಾಕಿದ್ದು ಸರಿಯಿರಲಿಲ್ಲ, ತಪ್ಪು ನನ್ನದು" ಎಂದೆ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನವರೂ ಅವತ್ತು ಎಚ್ಚರವಾಗಿಯೇ ಇದ್ದರು.

ನಾಜಿಯಾಗೆ ಹದಿನಾರು ಬಂತು. ಖುಷಿಪಡುತ್ತಾಳೆಂದುಕೊಂಡರೆ, "ಮೇಡಂ, ಆ 'ಳ' ಹೇಗೆ ಹೇಳೋದು, ಒಂದ್ಸಲ ತೋರ್ಸಿ" ಎಂದಳು. ನಾಲಿಗೆ ಮಡಚಿ ತೋರಿಸಿದೆ. ನಾಲ್ಕನೇ ಸಲಕ್ಕೆ ಅವಳ ಬಾಯಲ್ಲಿ 'ಬೆಳಕು' ಬಂತು.

ಇನ್ನು ಕಾರ್ತಿಕ್. ನನ್ನ ಮೆಚ್ಚಿನ ಹುಡುಗ, ಮುತ್ತಿನಂಥ ಅಕ್ಷರ, ಒಂದು ಕಾಗುಣಿತದ ತಪ್ಪಿಲ್ಲ. ಹದಿನೆಂಟಿದ್ದದ್ದು ಹನ್ನೆರಡಕ್ಕೆ ಇಳಿದಿತ್ತು. ಅವನೂ ಸ್ಟಾಫ್ ರೂಮಿಗೆ ಬಂದ. ಹಾಳೆಯನ್ನೂ ಅವನ ಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟು, "ನೀನೇ ಆ ಕಚೇರಿಯವನು ಅಂತ ಅಂದ್ಕೊಂಡು ಓದು" ಎಂದೆ.

ಸನ್ಮಾನ್ಯರೇ, ಘನವೆತ್ತವರೇ ಎಂದು ಓದುತ್ತಾ ಹೋದವನು ಕೊನೆಯ ಸಾಲಿಗೆ ಬಂದು ನಿಂತ. ಮತ್ತೆ ಮೇಲಿಂದ ಓದಿದ. ಆಮೇಲೆ ತಲೆ ಕೆರೆದುಕೊಂಡು ನಕ್ಕ.

"ಯಾವ ರಸ್ತೆ ಅಂತಾನೇ ಬರ್ದಿಲ್ಲ ಮೇಡಂ!"

ಅಂಕ ಕಡಿಮೆಯಾದವನು ನನ್ನೆದುರು ಹಾಗೆ ನಕ್ಕದ್ದು ಅದೇ ಮೊದಲು. "ಇನ್ನೊಂದ್ಸಲ ಬರ್ಕೊಂಡು ಬರ್ಲಾ?" ಎಂದ. ಅಂಕ ಹಾಕಿದ ಮೇಲೆ ಪರೀಕ್ಷೆ ಮುಗಿಯಿತು ಎಂದೇ ಇಷ್ಟು ವರ್ಷ ನಾನು ನಂಬಿದ್ದವಳು.

"ಬಾ," ಎಂದೆ. "ಕಾಯ್ತಿರ್ತೀನಿ."