ಕವಳೆ ಹಣ್ಣಿನ ಸಾಸು, ಅಜ್ಜಿಯ ತಪ್ಪಲೆ

ಆಗೆಲ್ಲ ಚನ್ನಗಿರಿಯಲ್ಲಿ ‘ಡೆಸರ್ಟ್’ ಅನ್ನುವ ಮಾತೇ ಯಾರಿಗೂ ಗೊತ್ತಿರಲಿಲ್ಲ. ಎಲೆಗೆ ಸಿಹಿ ಮೊದಲೇ ಬಡಿಸಿರುವಾಗ ಊಟ ಮುಗಿದ ಮೇಲೆ ಇನ್ನೊಂದು ಸಿಹಿ ಯಾಕೆ ಅಂತ ನಮ್ಮಜ್ಜಿ ಕೇಳುತ್ತಿದ್ದಳು. ಎಪ್ಪತ್ತರ ದಶಕದ ಕೊನೆ. ನಾನು ದಾವಣಗೆರೆಯ ಕಾನ್ವೆಂಟ್ ಹಾಸ್ಟೆಲಿನಿಂದ ಬೇಸಿಗೆ ರಜೆಗೆ ಬಂದಿದ್ದೆ. ನನಗಿಂತ ಮೊದಲು ಅಲ್ಲೇ ಓದಿದವಳು ಅಪ್ಪನ ತಂಗಿ, ಸುಮಿತ್ರತ್ತೆ. ಮನೆಯಲ್ಲಿ ನಾವಿಬ್ಬರೂ ಇಂಗ್ಲಿಷಿನಲ್ಲಿ ಗುಟ್ಟು ಮಾತಾಡಿದರೆ ಅಜ್ಜಿ, “ಅದೇನು ಟಸ್ಸುಪುಸ್ಸು, ಮನ್ಷರ ಮಾತಾಡ್ರೆ” ಅನ್ನುತ್ತಿದ್ದಳು.

ಆ ರಜೆಯಲ್ಲಿ ಅತ್ತೆಯನ್ನು ನೋಡಲು ಹೊನ್ನಾಳಿಯಿಂದ ಗಂಡಿನವರು ಬರುವುದಿತ್ತು. ಹುಡುಗ ಹೈಸ್ಕೂಲ್ ಮೇಷ್ಟ್ರು. ಹುಡುಗಿ ಬಿ.ಎಡ್. ಮಾಡಿ ಕೆಲಸಕ್ಕೆ ಹೋಗುವುದಾದರೆ ತನಗೆ ಸಂತೋಷ ಅಂತ ಮೊದಲೇ ಹೇಳಿ ಕಳಿಸಿದ್ದರು. ಅದುವರೆಗೆ ಬಂದವರ ಮುಂದೆಲ್ಲ ಕಲ್ಲಿನ ಹಾಗೆ ಕೂತೆದ್ದ ಅತ್ತೆ ಈ ಸಲ ಕಿಟಕಿಯ ಪರದೆಗಳನ್ನು ತಾನೇ ಒಗೆದು ಇಸ್ತ್ರಿ ಮಾಡಿದಳು.

“ಈ ಸಂಬಂಧ ಆಗ್ಬೇಕು ಕಣೇ. ಐ ವಾಂಟ್ ದಿಸ್ ಒನ್,” ಅಂತ ನನ್ನೊಬ್ಬಳಿಗೆ ಹೇಳಿದಳು.

ಉಬ್ರಾಣಿ ಕಡೆಯ ಹೆಂಗಸರು ಮುತ್ತುಗದೆಲೆ ಹಾಸಿದ ಪುಟ್ಟಿಯಲ್ಲಿ ಕವಳೆ ಹಣ್ಣು ತರುವ ಕಾಲ. ಅತ್ತೆ ಕಪ್ಪಗೆ ಮಾಗಿದವನ್ನೇ ಆರಿಸಿ ಕೊಂಡಳು. ಕುಕರಿ ಕ್ಲಾಸಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದ ಫ್ರೂಟ್ ಸಾಸ್ ತೀರಾ ಸಿಂಪಲ್. ಹಣ್ಣು, ಸಕ್ಕರೆ, ಮುಳುಗುವಷ್ಟು ನೀರು. ಮೆತ್ತಗಾದ ಮೇಲೆ ಬಟ್ಟೆಯಲ್ಲಿ ಹಿಂಡಿ ಬೀಜ ತೆಗೆದು, ಚಮಚದ ಬೆನ್ನಿಗೆ ಅಂಟುವ ತನಕ ಸಣ್ಣ ಉರಿ. ಹಾಸ್ಟೆಲಿನಿಂದ ತಂದಿದ್ದ ಬಿಳಿ ಎನಾಮಲ್ ಪಾತ್ರೆಯಲ್ಲಿ ಅದು ಕುದಿಯುತ್ತಿದ್ದರೆ ಹಿತ್ತಿಲಿಗೂ ಹುಳಿ-ಸಿಹಿ ಘಮ. ಬಣ್ಣವಂತೂ ರೇಷ್ಮೆ ಸೀರೆಯ ನೇರಳೆ. ನಾನು ಬೆರಳು ಅದ್ದಲು ಹೋದೆ. ಅಜ್ಜಿ ಕೈಗೆ ಹೊಡೆದಳು.

“ಬೀಗರಿಗೆ ಮಾಡಿದ್ದು. ಅವರ ಬಾಯಿಗೆ ಬೀಳಾ ತನಕ ಯಾರೂ ಮುಟ್ಟಂಗಿಲ್ಲ.”

ನಮ್ಮ ಮನೆಯ ಕಟ್ಟಳೆ ಅದು. ನೆಂಟರಿಗೆ ಮಾಡಿದ್ದನ್ನು ಉಪ್ಪು ನೋಡುವ ನೆಪದಲ್ಲೂ ನಾಲಿಗೆಗೆ ಮುಟ್ಟಿಸುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಎನಾಮಲ್ ಪಾತ್ರೆ ಬಚ್ಚಲ ಕಲ್ಲಿನ ಮೇಲೆ ಬೋರಲಾಗಿತ್ತು. ಸಾಸು ಅಜ್ಜಿಯ ಹಿತ್ತಾಳೆ ತಪ್ಪಲೆಯಲ್ಲಿತ್ತು.

“ಯಾಕವ್ವಾ?” ಅಂದಳು ಅತ್ತೆ.

“ನಿಮ್ಮ ಹಾಸ್ಟೆಲಿನೋರು ಮೊಟ್ಟೆ ಬೇಯ್ಸಿದ್ದೋ ಏನೋ ಅದ್ರಾಗೆ. ಲಿಂಗ ಕಟ್ಟಿದೋರಿಗೆ ಅದ್ರಾಗಿಂದ ಬಡಿಸ್ಲಾ? ಸಂಜೆನೇ ಬಗ್ಗಿಸಿಟ್ಟೆ.”

“ಇದರ ಕಲಾಯಿ ಹೋಗೈತೆ ಅನ್ಸುತ್ತೆ. ಹುಳಿ ಪದಾರ್ಥ, ಕಿಲುಬು ಏಳಲ್ವಾ?”

“ನೀನು ಹುಟ್ಟಾಕೆ ಮುಂಚೆಯಿಂದ ಸಾರು ಮಾಡೀನಿ ಇದ್ರಾಗೆ. ನಂಗೆ ಕಲಿಸಾಕೆ ಬರ್ಬೇಡ.”

“ಒಂದೇ ಒಂದು ತೊಟ್ಟು ರುಚಿ ನೋಡ್ತೀನಿ.”

“ನೋಡಿದ್ರೆ ಹೊರಗೆ ಚೆಲ್ತೀನಿ,” ಅಂದಳು ಅಜ್ಜಿ.

ಅತ್ತೆ ಸೌಟು ಹಿಡಿದು ನಿಂತೇ ಇದ್ದಳು. ಅಷ್ಟು ಗಾಢ ಬಣ್ಣದಲ್ಲಿ ಕಿಲುಬಿನ ಹಸಿರು ಎಲ್ಲಿ ಕಂಡೀತು? ಅಷ್ಟರಲ್ಲಿ ಹೊನ್ನಾಳಿಯವರು ಬಸ್ಸಿಳಿದರು ಅಂತ ಅಪ್ಪ ಕೂಗಿದ.

ಊಟವಾದ ಮೇಲೆ ಗಾಜಿನ ಬಟ್ಟಲುಗಳಲ್ಲಿ ಹಳದಿ ಕಸ್ಟರ್ಡ್, ಮೇಲೆ ನೇರಳೆ ಸಾಸು. ಹುಡುಗನ ತಾಯಿ ಒಂದು ಚಮಚ ಬಾಯಿಗಿಟ್ಟು ಬಟ್ಟಲನ್ನು ಮೆಲ್ಲಗೆ ದೂರ ಸರಿಸಿದರು. “ನಮಗೆ ಈ ಇಂಗ್ಲಿಷ್ ತಿಂಡಿ ಒಗ್ಗಲ್ರೀ.” ಮೇಷ್ಟ್ರು ಮೊದಲ ಚಮಚಕ್ಕೇ ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ನೋಡಿದರು. ನೋಡಿ, ಬಟ್ಟಲು ಖಾಲಿಯಾಗುವ ತನಕ ತಿಂದರು. “ಚೆನ್ನಾಗಿದೆ” ಅಂದರು.

ವಾಪಸು ಹೋಗುವ ಬಸ್ಸಿನಲ್ಲಿ ಮೇಷ್ಟ್ರು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡರಂತೆ. ಅವರ ತಾಯಿಯ ಮಾತನ್ನು ನಡುವಿನವರು ಬಂದು ಜಗಲಿಯ ಮೇಲೆ ಕೂತು ಹಾಗೇ ಒಪ್ಪಿಸಿದರು: “ಮನೆ ಹೊಗಾಕೆ ಮುಂಚೆನೇ ಕಿಲುಬು ತಿನ್ಸಿದೋಳು, ಹೊಕ್ಕ ಮೇಲೆ ಇನ್ನೇನು ತಿನ್ನಿಸ್ತಾಳೋ.”

“ಏನು ಹಾಕಿದ್ದೆ ಅದಕ್ಕೆ?” ಅಂತ ಅಪ್ಪ ಕೇಳಿದ. ಅತ್ತೆ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ಕೆಟ್ಟೋಯ್ತು ಅಣ್ಣ,” ಅಂದಳು ಅತ್ತೆ.

ಆಗ ಅಜ್ಜಿ ಬಾಯಿ ಬಿಟ್ಟಳು. “ಕಾನ್ವೆಂಟಿಗೆ ಕಳಿಸ್ಬೇಡ ಅಂದಿದ್ದೆ.”

ಸ್ವಲ್ಪ ದಿನಕ್ಕೆ ಕಲಾಯಿಯವನು ಬೀದಿಯಲ್ಲಿ ಕೂಗಿದಾಗ ಅಜ್ಜಿ ತಾನೇ ಎದ್ದು ಹೋಗಿ ಕರೆದಳು. ಅಂಗಳದಲ್ಲಿ ತಿದಿ ಊದುತ್ತಿತ್ತು, ನವಸಾಗರದ ಬಿಳಿ ಹೊಗೆ ಮೂಗಿಗೆ ಚುಚ್ಚುತ್ತಿತ್ತು. ಮನೆಯ ಪಾತ್ರೆಗಳೆಲ್ಲ ಸಾಲಾಗಿ ಕಾಯುತ್ತಿದ್ದವು. “ಮೊದಲು ಇದು,” ಅಂತ ಅಜ್ಜಿ ಆ ತಪ್ಪಲೆಯನ್ನೇ ಮುಂದೆ ತಳ್ಳಿದಳು. ಅತ್ತೆ ಕಂಬಕ್ಕೆ ಒರಗಿ ನೋಡುತ್ತಿದ್ದಳು.

ಮಾರನೇ ವರ್ಷ ಅತ್ತೆಯನ್ನು ಜಗಳೂರಿನಾಚೆ ಸೊಕ್ಕೆಗೆ, ಹೆಂಡತಿ ಸತ್ತವನೊಬ್ಬನಿಗೆ ಕೊಟ್ಟರು. ಓದಿದ ಹುಡುಗಿ ಅಂತ ಅಲ್ಲಿ ಯಾರಿಗೂ ನೆನಪಿರಲಿಲ್ಲ. ಕಾಲೇಜು ಸೇರಿದ ಮೇಲೆ ಒಮ್ಮೆ ಹೋದಾಗ ಬ್ಯಾಗಿನಲ್ಲಿ ಕವಳೆ ಹಣ್ಣು ಒಯ್ದಿದ್ದೆ. “ಸಾಸು ಮಾಡೋಣ್ವಾ?” ಅಂದೆ. ಅವಳು ಒಂದು ಹಣ್ಣು ಬೆರಳಲ್ಲಿ ಉರುಳಿಸಿ ವಾಪಸು ಹಾಕಿದಳು.

“ಹುಳಿ ಕಣೇ. ಐ ಡೋಂಟ್ ಈಟ್ ಸೌರ್ ಥಿಂಗ್ಸ್ ನೌ.”

ಅವಳ ಬಾಯಿಂದ ನಾನು ಕೇಳಿದ ಕೊನೆಯ ಇಂಗ್ಲಿಷು ಅದು.

ಈಗ ಅಂಗಡಿಯಲ್ಲಿ ಸ್ಟ್ರಾಬೆರಿ ಸಾಸು ಹಿಂಡುವ ಬಾಟಲಿಯಲ್ಲೇ ಸಿಗುತ್ತದೆ. ಮೊಮ್ಮಕ್ಕಳು ಐಸ್‌ಕ್ರೀಮಿನ ಮೇಲೆ ಸುರಿದುಕೊಂಡು ಅರ್ಧ ಬಿಟ್ಟು ಏಳುತ್ತಾರೆ. ಕವಳೆ ಹಣ್ಣು ಅಂದರೆ ಯಾವುದು ಅಂತ ಕೇಳುತ್ತಾರೆ. ಅಜ್ಜಿಯ ತಪ್ಪಲೆ ಹೇಗೋ ನನ್ನ ಪಾಲಿಗೆ ಬಂದು ಷೋಕೇಸಿನಲ್ಲಿ ಕೂತಿದೆ. ಬಂದವರು, “ವಾವ್, ಆ್ಯಂಟಿಕ್” ಅನ್ನುತ್ತಾರೆ. ಒಳಗೆ ಆ ದಿನ ಬಳಿದ ಕಲಾಯಿ ಬೆಳ್ಳಿಯ ಹಾಗೆ ಈಗಲೂ ಹೊಳೆಯುತ್ತಿದೆ. ಆಮೇಲೆ ಅದರಲ್ಲಿ ಅಜ್ಜಿ ಏನನ್ನೂ ಬೇಯಿಸಲಿಲ್ಲ.