ಚಕ್ರಕ್ಕೆ ಹೊಡೆದ ಲಾಳ

ಬಣಕಲ್ ದಾಟಿ ಘಾಟಿಯ ಕಡೆ ಇಳಿಯುವ ಗಾಡಿರಸ್ತೆಯ ಮೇಲ್ಗಡೆ ನಮ್ಮ ಎಸ್ಟೇಟ್. ಅಲ್ಲಿ ನಾನು ಮರಗೆಲಸದ ಆಚಾರಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ತಿರುಗುತ್ತಿದ್ದುದು ಹಳ್ಳದ ನೀರಿನಿಂದ. ಮರದ ದೋಣಿಗಾಲುವೆಯಲ್ಲಿ ಹರಿದು ಬಂದ ನೀರು ಎರಡಾಳೆತ್ತರದ ಚಕ್ರದ ನೆತ್ತಿಗೆ ಬೀಳುವುದು, ಚಕ್ರ ಉರುಳುವುದು, ಅದರ ಬೆಲ್ಟು ಪಲ್ಪರನ್ನು ಓಡಿಸುವುದು. ಆ ಚಕ್ರ ಮಾಡಿದವನು ನಾನೇ. ಒಂದೊಂದು ಹಲಗೆಯೂ ನನ್ನ ಕೈ ದಾಟಿ ಬಂದದ್ದು. ಹೇಳುವಾಗ ಈಗಲೂ ಎದೆ ಉಬ್ಬುತ್ತದೆ, ಉಬ್ಬಲಿ.

ಎಸ್ಟೇಟಿನ ಬಿಳಿ ದೊರೆಗಳಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ. ಪಕ್ಕದ ಎಸ್ಟೇಟಿಗೆ ಎಣ್ಣೆ ಎಂಜಿನ್ ಬಂದಿತ್ತು. ಆ ವರ್ಷ ಮಳೆ ಬಿಡುವ ಹೊತ್ತಿಗೆ ನನ್ನನ್ನು ಕರೆಸಿ, ತಮ್ಮ ಮುರುಕು ಕನ್ನಡದಲ್ಲಿ ಹೇಳಿಬಿಟ್ಟರು: "ಆಚಾರಿ, ಈ ಸಲ ನಿನ್ನ ಚಕ್ರ ಒಂದು ದಿನ ನಿಂತರೆ ಅದು ಬಂಗಲೆ ಒಲೆಗೆ ಸೌದೆ. ಎಂಜಿನ್ ತರಿಸ್ತೇನೆ."

ಎಂಜಿನ್ ಬಂದರೆ ಅದಕ್ಕೆ ಎಣ್ಣೆ ಹಾಕುವವನು ಬರುತ್ತಾನೆ. ಆಮೇಲೆ ಆಚಾರಿ ಯಾರಿಗೆ ಬೇಕು?

ಮರದ ಚಕ್ರಕ್ಕೆ ಒಂದು ನೇಮವಿದೆ. ಕೆಲಸವಿಲ್ಲದ ತಿಂಗಳುಗಳಲ್ಲೂ ಅದನ್ನು ದಿನಾ ಕೈಯಿಂದ ಕಾಲು ಸುತ್ತು ತಿರುಗಿಸಿಡಬೇಕು. ಇಲ್ಲದಿದ್ದರೆ ಚಕ್ರದ ಕೆಳಗಿನ ಗುಂಡಿಯಲ್ಲಿ ನಿಂತ ನೀರಿಗೆ ತಾಗಿದ ಕೆಳಭಾಗ ನೀರು ಕುಡಿದು ಭಾರವಾಗುತ್ತದೆ, ಮೇಲ್ಭಾಗ ಬಿಸಿಲಿಗೆ ಒಣಗಿ ಹಗುರಾಗುತ್ತದೆ. ಇದು ಅಪ್ಪ ಕಲಿಸಿದ್ದು. ಇಡೀ ಮಳೆಗಾಲ ಒಂದು ದಿನವೂ ತಪ್ಪಿಸಿರಲಿಲ್ಲ. ತಪ್ಪಿದ್ದು ಆಯುಧಪೂಜೆಯಿಂದ. ಎಂಜಿನ್ನಿನ ಹೆದರಿಕೆಗೋ ಏನೋ, ಆ ಸಲ ನನಗೆ ಭಕ್ತಿ ತುಸು ಜಾಸ್ತಿಯೇ ಬಂದಿತ್ತು. ಚಕ್ರಕ್ಕೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಮೊದಲ ಹಣ್ಣು ಬರುವವರೆಗೆ ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದೆ.

ಅದೇ ಎಸ್ಟೇಟಿನಲ್ಲಿ ಕೂಲಿಗೆ ಹೋಗುತ್ತಿದ್ದ ನನ್ನ ಹೆಂಡತಿ ಮರುದಿನವೇ ಕೇಳಿದಳು. "ಅಲ್ಲ ಮಾರಾಯ್ರೇ, ಇವತ್ತು ಚಕ್ರ ತಿರುಗ್ಸೂದಿಲ್ವಾ?"

"ಪೂಜೆ ಮಾಡಿದ್ದನ್ನ ಯಾರಾದ್ರೂ ಕದಲಿಸ್ತಾರಾ? ನಿನ್ನ ಕೆಲಸ ನೋಡು."

"ತಿರುಗೂದೇ ಅದ್ರ ಕೆಲ್ಸ. ಅದನ್ನ ಕೂರ್ಸಿ ಪೂಜೆ ಮಾಡ್ತೀರಲ್ಲ" ಎಂದು ಗೊಣಗುತ್ತ ಹೋದಳು. ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ.

ತಿಂಗಳು ಕಳೆದು ಮೊದಲ ಹಣ್ಣು ಬಂತು. ಮಧ್ಯಾಹ್ನಕ್ಕೇ ತೊಟ್ಟಿ ತುಂಬಿತ್ತು. ದೊರೆಗಳೂ ಬಂದು ನಿಂತರು. ನಾನು ಹಾರ ತೆಗೆದು, ಕೈ ಮುಗಿದು ನೀರು ಬಿಟ್ಟೆ. ಚಕ್ರ ಅರ್ಧ ಸುತ್ತು ತೆವಳಿತು, ಇನ್ನರ್ಧ ಧಡಧಡನೆ ಉರುಳಿತು, ಬೆಲ್ಟು ಕಳಚಿ ಬಿತ್ತು. ಮತ್ತೆ ಹಾಕಿದೆ, ಮತ್ತೆ ಬಿತ್ತು. ಮೂರನೆಯ ಸಲ ನೀರು ಕುಡಿದ ಬದಿ ಮೇಲೇರಲಾರದೆ ಚಕ್ರ ತೊಟ್ಟಿಲಿನ ಹಾಗೆ ಹಿಂದೆ ಮುಂದೆ ತೂಗಿ ನಿಂತೇಬಿಟ್ಟಿತು. ನಾನು ಬೆಲ್ಟನ್ನು ಬೈದೆ, ಹಳ್ಳವನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಪ್ಪು ಯಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹಣ್ಣನ್ನು ಅಂದೇ ಸುಲಿಯದಿದ್ದರೆ ಬಿಸಿಯೇರಿ ನಾರುತ್ತದೆ. ದೊರೆಗಳು ಗಡಿಯಾರ ನೋಡಿ, "ಸಂಜೆಯೊಳಗೆ" ಎಂದಷ್ಟೇ ಹೇಳಿ ಬಂಗಲೆಗೆ ಹೋದರು. ಒಂದು ಕಡೆ ನೀರು ಕುಡಿದ ಮರ ಸಂಜೆಯೊಳಗೆ ಒಣಗುತ್ತದೆಯೇ? ಮೆಟ್ಟಿಲ ಮೇಲೆ ಕುಸಿದು ಕೂತೆ. ನಾಚಿಕೆಯಿಂದ ಅಳು ಬರುವಂತಾಗಿತ್ತು.

ಹೆಂಡತಿ ಬುಟ್ಟಿ ಇಳಿಸಿ ಬಂದು ಚಕ್ರವನ್ನು ನೋಡಿದಳು. ಆಡಿಕೊಳ್ಳಲಿಲ್ಲ. "ತಕ್ಕಡಿ ಒಂದು ಬದಿಗೆ ವಾಲಿದ್ರೆ ಅಂಗಡಿಯವ್ರು ಏನ್ ಮಾಡ್ತಾರೆ? ಹಗುರ ಇದ್ದ ತಟ್ಟೆಗೆ ಒಂದು ಕಲ್ಲಿಡ್ತಾರೆ ಅಲ್ವಾ?"

"ಚಕ್ರಕ್ಕೆ ಕಲ್ಲಿಟ್ರೆ ತಿರುಗುವಾಗ ಉದುರೂದಿಲ್ವಾ?"

"ನಿಮ್ಮ ಗೋಣಿ ಚೀಲದಲ್ಲಿರೂ ಲಾಳ ತಂದು ಮೊಳೆ ಹೊಡೆದ್ರೆ ಉದುರ್ತದಾ?"

ಘಾಟಿ ಹತ್ತಿಳಿಯುವ ನಮ್ಮ ಗಾಡಿ ಎತ್ತುಗಳಿಗೆ ಬಣಕಲ್ಲಿನ ಸಾಬರು ಬಂದು ಲಾಳ ಕಟ್ಟುತ್ತಿದ್ದರು. ಕಿತ್ತೆಸೆದ ಹಳೆಯ ಲಾಳಗಳನ್ನೆಲ್ಲ ನಾನು ಆರಿಸಿ ತಂದಿಡುತ್ತಿದ್ದೆ. ಮನೆ ತುಂಬ ತುಕ್ಕು ಎಂದು ವರ್ಷಗಟ್ಟಲೆ ಬೈದವಳೇ ಈಗ ಓಡಿಹೋಗಿ ಆ ಚೀಲವನ್ನು ಎಳೆದು ತಂದಳು. ಅವಳು ಒಂದೊಂದೇ ಎತ್ತಿ ಕೊಟ್ಟಳು. ನಾನು ಹಗುರಾದ ಬದಿಯ ಅಂಚಿಗೆ ಸಾಲಾಗಿ ಹೊಡೆಯುತ್ತ ಹೋದೆ. ಹತ್ತು ಲಾಳಕ್ಕೊಮ್ಮೆ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡುವುದು, ಅದು ಹಿಂದೆ ವಾಲುವುದು, ಮತ್ತೆ ಹೊಡೆಯುವುದು. ಕೊನೆಗೊಮ್ಮೆ ಚಕ್ರ ಬಿಟ್ಟಲ್ಲೇ ನಿಂತಿತು. ಅತ್ತ ಇಲ್ಲ, ಇತ್ತ ಇಲ್ಲ.

ನೀರು ಬಿಟ್ಟೆ. ಒಂದು ಸುತ್ತು, ಎರಡು, ಹತ್ತು! ಬೆಲ್ಟು ಕದಲಲಿಲ್ಲ. ಪಲ್ಪರ್ ಗರಗರ ಎಂದಿತು, ಕೆಂಪು ಸಿಪ್ಪೆ ಒಂದು ಕಡೆ, ಬಿಳಿ ಬೀಜ ಒಂದು ಕಡೆ ಬೀಳತೊಡಗಿತು. ಕೊಯ್ಲಿನ ಹೆಂಗಸರು ಹೋ ಎಂದು ಕೂಗಿದರು. ನಾನೂ ಕೂಗಿದೆ. ಸಂಜೆ ದೊರೆಗಳು ಬರುವಾಗ ತೊಟ್ಟಿ ಖಾಲಿಯಾಗಿತ್ತು. ಲಾಳ ಹೊಡೆಸಿಕೊಂಡು ಓಡುತ್ತಿದ್ದ ಚಕ್ರವನ್ನು ಅವರು ಬಾಯಿ ತೆರೆದು ನೋಡಿದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ಆಚಾರಿ, ಎಂಜಿನ್ ಬೇಡ." ನಾನು ಆ ಎಸ್ಟೇಟಿನಲ್ಲಿ ಇದ್ದಷ್ಟು ಕಾಲ ಎಂಜಿನ್ ಬರಲೇ ಇಲ್ಲ.

ಚಕ್ರ ತಿರುಗಿ ತಿರುಗಿ ಎಲ್ಲ ಕಡೆ ಒಂದೇ ಸಮ ನೆನೆಯಿತು. ಲಾಳಗಳನ್ನು ವಾರವಾರ ಕೆಲವು ಕೀಳುತ್ತ ಬಂದೆ. ಒಂದನ್ನು ಮಾತ್ರ ಹಾಗೇ ಬಿಟ್ಟೆ.

ಮರುವರ್ಷದ ಆಯುಧಪೂಜೆಯಲ್ಲಿ ಆ ಲಾಳಕ್ಕೂ ಕುಂಕುಮ ಹಚ್ಚಿ ಮಂಗಳಾರತಿ ಎತ್ತಿದೆ. ತಟ್ಟೆ ಕೆಳಗಿಟ್ಟು ಹೆಂಡತಿಗೆ ದಾರಿ ಬಿಟ್ಟೆ. ಅವಳು ಸೆರಗು ಸಿಕ್ಕಿಸಿ, ಚಕ್ರದ ಅಂಚು ಹಿಡಿದು, ಹಾರದ ಸಮೇತ ಕಾಲು ಸುತ್ತು ತಿರುಗಿಸಿದಳು.

"ಈಗ ಆಯ್ತು ನೋಡಿ ಪೂಜೆ" ಎಂದಳು.